ಲೆಕ್ಕದ ಕಾಯಕ ಮತ್ತು ಯಂತ್ರ

ಲೆಕ್ಕ ಬರೆಯುವುದು ಕಾಯಕವಾದರೆ ಅದರಲ್ಲಿ ಕಾಯಕ ಯಾವುದು? ಕೂಡಿ ಕಳೆಯುವ ದುಡಿಮೆಯೋ, ಬರೆದದ್ದಕ್ಕೆ ಉತ್ತರ ಕೊಡುವ ಹೊಣೆಯೋ? ಕೈಬರಹದ ಕಾಲದಲ್ಲಿ ಎರಡೂ ಒಬ್ಬನ ಮೇಲೇ ಇದ್ದುದರಿಂದ ಈ ಪ್ರಶ್ನೆ ಏಳುತ್ತಿರಲಿಲ್ಲ. ದುಡಿಮೆ ಯಂತ್ರದ ಪಾಲಾದ ಮೇಲೆ ಎದ್ದಿದೆ.

ಶರಣ ಪರಂಪರೆಯ ಎರಡು ಪ್ರಸಂಗಗಳು ಇಲ್ಲಿ ಒದಗುತ್ತವೆ. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸದ ಹಣ ಜಂಗಮರಿಗೆ ಹೋಗುತ್ತಿದೆಯೆಂಬ ದೂರು ಬಂದಾಗ, ಭಂಡಾರ ಸರಿಯಾಗಿಯೇ ಇತ್ತೆಂದು ಕಾವ್ಯಗಳು ಹೇಳುತ್ತವೆ. ಇನ್ನೊಂದು ಹೆಚ್ಚು ಹರಿತವಾದದ್ದು. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಅದನ್ನು ತಂದಲ್ಲೇ ಸುರಿದು ಬನ್ನಿ ಎಂದವಳು ಅವನ ಹೆಂಡತಿ ಲಕ್ಕಮ್ಮ. ಅಲ್ಲಿ ಕಳವಾಗಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಇಷ್ಟೇಕೆ ಎಂಬ ಆಕೆಯ ಸಂಶಯ ಕೂಡುವಿಕೆಯಿಂದ ಹುಟ್ಟುವಂಥದ್ದಲ್ಲ.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಬೊಕ್ಕಸದ ಹಣ ನುಂಗುವ 40 ದಾರಿಗಳನ್ನು ಎಣಿಸುತ್ತದೆ. ಮೊದಲು ಬಂದದ್ದನ್ನು ತಡವಾಗಿ ಬರೆಯುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು ಅವುಗಳಲ್ಲಿ ಸೇರಿವೆ. ಇಂಥ ಮೋಸದಲ್ಲಿ ಮೊತ್ತ ತಾಳೆಯಾಗಿಯೇ ಇರಬಹುದು. ಯಂತ್ರ ಬಂದ ಮೇಲೂ ಇದು ನಿಂತಿಲ್ಲ: 2009ರಲ್ಲಿ ಬಯಲಾದ ಸತ್ಯಂ ಕಂಪನಿಯ ಹಗರಣದ ಸುಳ್ಳು ಬಿಲ್ಲುಗಳು ಕಂಪ್ಯೂಟರಿನಲ್ಲೇ ತಯಾರಾದವು.

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಂಥ ಹೋಬಳಿಗಳಲ್ಲಿ, ದುಡಿಮೆ ಕೈಯಿಂದ ಯಂತ್ರಕ್ಕೆ ಹೋದ ಬದಲಾವಣೆ ಜಮೀನಿನ ದಾಖಲೆಯಾದ ಪಹಣಿಯಲ್ಲಿ ಕಾಣುತ್ತದೆ. ಶಾನುಭೋಗರ ವಂಶಪಾರಂಪರ್ಯದ ಹುದ್ದೆಯನ್ನು 1961ರ ಕಾಯ್ದೆ ರದ್ದು ಮಾಡಿತು. ಅವರ ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ ಬಂತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಅದನ್ನು ಕಂಪ್ಯೂಟರಿಗೆ ಏರಿಸಿತು. ಪಹಣಿಗಾಗಿ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು, ಇದು ಸಣ್ಣ ಮಾತಲ್ಲ. ಆದರೆ ಹಳೆಯ ಪುಸ್ತಕದ ತಪ್ಪು ಹೆಸರು, ತಪ್ಪು ವಿಸ್ತೀರ್ಣ ಹಾಗೇ ಪರದೆಗೆ ಬಂದ ಕಡೆ, ತಿದ್ದಲು ಅಧಿಕಾರಿಯ ಆದೇಶವೇ ಬೇಕು. ಬೆರಳಚ್ಚು ಕೊಟ್ಟು ‘ಭೂಮಿ’ಯ ಒಳಹೋಗುವ ನೌಕರ ಯಾರೆಂದು ಯಂತ್ರಕ್ಕೆ ಗೊತ್ತು. ಅವನು ಹೊಲ ನೋಡಿದ್ದಾನೆಯೇ ಎಂಬುದು ಗೊತ್ತಿಲ್ಲ.

ಕಾನೂನು ಹೊಣೆಯನ್ನು ಯಂತ್ರಕ್ಕೆ ಬಿಟ್ಟುಕೊಟ್ಟಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಬೇಕು, ಆ ಸೌಲಭ್ಯವನ್ನು ನಿಲ್ಲಿಸಿಡುವಂತಿಲ್ಲ. ಲೆಕ್ಕಪರಿಶೋಧಕರು ಸಹಿ ಹಾಕುವ ವರದಿಗೆ 2019ರಿಂದ ಪ್ರತ್ಯೇಕ ಗುರುತಿನ ಸಂಖ್ಯೆ ಕಡ್ಡಾಯ. ದುಡಿಮೆ ಹಗುರವಾದಷ್ಟೂ ಸಹಿಯ ಭಾರ ಏರಿದೆ.

ಶಿಕ್ಷಣ ಇದಕ್ಕೆ ಅರ್ಧ ಮಾತ್ರ ಹೊಂದಿಕೊಂಡಿದೆ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಕಂಪನಿಯ ತಂತ್ರಾಂಶವನ್ನು ಕಲಿತರೆ ಕೆಲಸ ಸಿಗುತ್ತದೆಂಬ ನಂಬಿಕೆ ಬಿ.ಕಾಂ. ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿದೆ. ವೋಚರ್ ತುಂಬುವ ಆ ಕೆಲಸವನ್ನೇ ಯಂತ್ರ ಮೊದಲು ಕಿತ್ತುಕೊಳ್ಳುವುದು. ರೋಜುಕೀರ್ದಿಯನ್ನು ಕೈಯಲ್ಲಿ ಬರೆಸುವುದು ಇಂದಿಗೂ ಬೇಕು, ಆದರೆ ಕೂಡುವುದನ್ನು ಕಲಿಸಲು ಅಲ್ಲ: ಪ್ರತಿ ಖರ್ಚಿನ ಎದುರು ನಿಂತು ‘ಇದು ಯಾರಿಗೆ, ಏಕೆ’ ಎಂದು ಕೇಳುವ ಅಭ್ಯಾಸಕ್ಕಾಗಿ. ಆ ಅಭ್ಯಾಸ ಹಿಂದೆ ಹಿರಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಬಿಲ್ಲುಗಳ ರಾಶಿಯ ನಡುವೆ ತಾನಾಗಿ ಬರುತ್ತಿತ್ತು. ಆದರೆ ಸಿ.ಎ. ವಿದ್ಯಾರ್ಥಿಗಳು ಅಂಥ ಕಚೇರಿಗಳಲ್ಲಿ ಪಡೆಯುವ ತರಬೇತಿಯಾದ ಆರ್ಟಿಕಲ್‌ಶಿಪ್ 2023ರ ಹೊಸ ಪಠ್ಯಕ್ರಮದಲ್ಲಿ 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ತಾನಾಗಿ ಬರುತ್ತಿದ್ದುದನ್ನು ಇನ್ನು ತರಗತಿಯಲ್ಲಿ ಬೇಕೆಂದೇ ಕಲಿಸಬೇಕಾಗುತ್ತದೆ.