ಬೆಣ್ಣೆ ಸಿಕ್ಕ ತೋಪು, ಸುಣ್ಣ ಬಿದ್ದ ಗುಡ್ಡ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೇನೂ ಕೊರತೆಯಿಲ್ಲ. ಆದರೆ ಆ ಊರಿಗೆ ಹೆಸರು ಕೊಟ್ಟ ಮನುಷ್ಯ ಒಂದು ಮರದ ಪೊಟರೆಯಲ್ಲಿ ಮಲಗೆದ್ದನಂತೆ ಎಂಬ ಕತೆ ಅವರಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದೆಯೋ. ಜಾನ್ ಸಿ. ಫ್ರೀಮಾಂಟ್ ಸೇನೆಯವನು, ಅಮೆರಿಕದ ಪಶ್ಚಿಮದ ದಾರಿಗಳನ್ನು ಹುಡುಕಿ ನಕ್ಷೆ ಮಾಡಿಸಿದವನು. 1846ರಲ್ಲಿ ಅವನ ತಂಡ ಸಾಂತಾ ಕ್ರೂಜ್ ಬೆಟ್ಟಗಳ ನಡುವೆ, ಸ್ಯಾನ್ ಲೊರೆಂಜೊ ನದಿಯ ಪಕ್ಕದ ರೆಡ್‌ವುಡ್ ಕಾಡಿನಲ್ಲಿ ಬೀಡುಬಿಟ್ಟಿತ್ತು. ಅಲ್ಲೊಂದು ಮರದ ಬುಡ ಹಳೆಯ ಕಾಳ್ಗಿಚ್ಚಿಗೆ ಸುಟ್ಟು ಪೊಳ್ಳಾಗಿದೆ. ತಲೆ ತಗ್ಗಿಸಿ ನುಸುಳಿದರೆ ಒಳಗೆ ಪುಟ್ಟ ಕೋಣೆಯಷ್ಟು ಜಾಗ, ಕಗ್ಗತ್ತಲು. ಅವನು ರಾತ್ರಿ ಕಳೆದದ್ದು ಅದರೊಳಗೇ ಎಂದು ಊರವರು ಹೇಳಿಕೊಂಡು ಬಂದರು. ಮುದುಕನಾದ ಮೇಲೆ ಮತ್ತೆ ಆ ತೋಪಿಗೆ ಬಂದವನನ್ನು ನಿಜವೇ ಎಂದು ಕೇಳಿದರೆ, ಕತೆ ಚೆನ್ನಾಗಿದೆಯಲ್ಲ, ಹಾಗೇ ಇರಲಿ ಬಿಡಿ ಎಂಬರ್ಥದ ಮಾತಾಡಿ ಜಾರಿಕೊಂಡನಂತೆ. ನಮ್ಮ ಸ್ಥಳಪುರಾಣಗಳಿಗೂ ಇಂಥ ಸಾಕ್ಷಿ ಒಬ್ಬೊಬ್ಬ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಮರವಿರುವುದು ಹೆನ್ರಿ ಕೊವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನಲ್ಲಿ, ಫೆಲ್ಟನ್ ಎಂಬ ಸಣ್ಣ ಊರಿನ ಮಗ್ಗುಲಲ್ಲಿ. ಸ್ಯಾನ್ ಹೋಸೆಯಿಂದ ಹೈವೇ 17 ಹಿಡಿದು, ಚಾರ್ಮಾಡಿಯನ್ನು ನೆನಪಿಸುವ ತಿರುವುಗಳನ್ನು ದಾಟಿ, ಸ್ಕಾಟ್ಸ್ ವ್ಯಾಲಿಯ ಬಳಿ ಬಲಕ್ಕೆ ಹೊರಳಿದರೆ ಆಯಿತು. ದಾರಿ ಬಿಡುವಾಗಿದ್ದರೆ ಗಂಟೆಯೊಳಗೆ ತಲುಪಬಹುದು. ಕಾರು ನಿಲ್ಲಿಸುವ ಜಾಗದ ಹತ್ತಿರವೇ ರೆಡ್‌ವುಡ್ ಗ್ರೋವ್ ಲೂಪ್ ಶುರುವಾಗುತ್ತದೆ. ಉದ್ದ ಮುಕ್ಕಾಲು ಮೈಲಿಗಿಂತ ಚೂರು ಹೆಚ್ಚು. ಏರಿಲ್ಲ, ಇಳಿವಿಲ್ಲ. ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ಸಲೀಸಾಗಿ ಉರುಳುತ್ತವೆ.

ಇದೂ ಒಂದು ಹೈಕಿಂಗೇ ಎಂದು ಮೂಗು ಮುರಿಯುವವರಿದ್ದಾರೆ. ಚಾರಣ ಎಂದೊಡನೆ ಕನ್ನಡಿಗರ ಕಣ್ಣಿಗೆ ಬರುವುದು ಕುಮಾರಪರ್ವತ: ಎದೆಯೆತ್ತರದ ಏರು, ಜಿಗಣೆ, ಮೊಣಕಾಲು ನೋವು. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಯೊಸೆಮಿಟಿಯ ಹಾಫ್ ಡೋಮ್ ಹತ್ತಿದವರ ಫೋಟೊಗೆ ವಾಟ್ಸಾಪ್ ಗುಂಪಿನಲ್ಲಿ ಸಿಗುವ ಮರ್ಯಾದೆ, ಹೊಳೆದಂಡೆಯಲ್ಲಿ ಅಡ್ಡಾಡಿ ಬಂದವರಿಗೆ ಸಿಗದು. ಫೆಲ್ಟನ್ನಿನ ತೋಪಿನ ಚರಿತ್ರೆ ಓದಿದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಆ ಮರಗಳು ಇಂದಿಗೂ ನಿಂತಿರಲು ಒಂದು ದೊಡ್ಡ ಕಾರಣ ಅಲ್ಲಿಗೆ ಹೋಗುವುದು, ಅಲ್ಲಿ ನಡೆಯುವುದು ಸುಲಭವಾಗಿದ್ದದ್ದು.

ಆ ಚರಿತ್ರೆಗೆ ಮೊದಲು, ಈ ದಾರಿಯಲ್ಲಿ ಈಗ ನಡೆಯುವವರ ಮಾತು. ಬೇಸಿಗೆಯ ಶನಿವಾರ ಬೆಳಗ್ಗೆ ಇಲ್ಲಿ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟ ಅಮ್ಮಂದಿರು, ಮಂಕಿ ಟೋಪಿಯ ಅಪ್ಪಂದಿರು ಕಣ್ಣಿಗೆ ಬೀಳದೆ ಹೋಗುವುದು ಅಪರೂಪ. ಆರು ತಿಂಗಳಿಗೆಂದು ಬಂದವರು ಅವರು. ಸನ್ನಿವೇಲ್, ಮಿಲ್ಪಿಟಾಸ್‌ಗಳ ಅಪಾರ್ಟ್‌ಮೆಂಟಿನಿಂದ ಹೊರಟರೆ ಅವರಿಗೆ ದಕ್ಕುವುದು ಫುಟ್‌ಪಾತು, ಒಂದು ಪಾರ್ಕು, ಆಮೇಲೆ ಕಾಸ್ಟ್ಕೊ. ಮಗ ಸೊಸೆ ಬೆಟ್ಟಕ್ಕೆ ಹೊರಟರೆ ಇವರು ಕಾರಿನ ಬಳಿ ಕಾವಲು. ಸಾಗರದ ಕಡೆಯ ಒಬ್ಬ ಅಜ್ಜಿ ಮಾತ್ರ ಈ ಸುತ್ತನ್ನು ಪೂರ್ತಿ ನಡೆದರು, ಅದೂ ಎಲ್ಲರಿಗಿಂತ ಮುಂದೆ. ಮರಗಳಾಚೆಯಿಂದ ರೋರಿಂಗ್ ಕ್ಯಾಂಪಿನ ಹಬೆಯ ರೈಲು ಕೂಗಿದ್ದೇ ತಡ ಗಕ್ಕನೆ ನಿಂತರು. "ಅಲ್ವೋ ಮಾರಾಯ, ಥೇಟ್ ಹಳೇ ತಾಳಗುಪ್ಪ ರೈಲು ಕೂಗಿದ ಹಾಗೇ ಆತಲ್ಲೋ!" ಮಗ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ.

ಈ ತೋಪಿನ ಅತಿ ಎತ್ತರದ ಮರ ಸುಮಾರು 277 ಅಡಿ. ಅಂಥ ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಜೋಗದ ರಾಜನ ತಲೆ ಮುಟ್ಟುತ್ತದೆ. ಅತಿ ಹಳೆಯ ಮರಗಳಿಗೆ 1,500 ವರ್ಷದ ಆಚೀಚೆ ವಯಸ್ಸೆಂದು ಅಂದಾಜು. 578ರಲ್ಲಿ ಬಾದಾಮಿಯ ಮೂರನೆಯ ಗುಹಾಲಯಕ್ಕೆ ಶಾಸನ ಕೊರೆಯುತ್ತಿದ್ದಾಗ ಇವು ಎಳೆಯ ಗಿಡಗಳು. ಇಷ್ಟೆತ್ತರದ ಮರಕ್ಕೆ ತಾಯಿಬೇರೇ ಇಲ್ಲ. ಬೇರುಗಳು ಹತ್ತು ಹನ್ನೆರಡು ಅಡಿಗಿಂತ ಆಳಕ್ಕೆ ಇಳಿಯುವುದು ಕಡಿಮೆ. ಬದಲಿಗೆ ನೂರು ಅಡಿಯವರೆಗೂ ಅಡ್ಡಡ್ಡ ಹರಡಿ ಪಕ್ಕದ ಮರದ ಬೇರಿಗೆ ಹೆಣೆದುಕೊಳ್ಳುತ್ತವೆ. ದಾರಿಯ ಎರಡೂ ಬದಿಗೆ ಕಟಕಟೆ ಹಾಕಿರುವುದು ಇದಕ್ಕೇ. ಜನ ತುಳಿದೂ ತುಳಿದೂ ಮಣ್ಣು ಗಟ್ಟಿಯಾದರೆ ಮೇಲುಮೇಲೆ ಹಬ್ಬಿದ ಬೇರಿಗೆ ನೀರೂ ಗಾಳಿಯೂ ಸಿಗುವುದಿಲ್ಲ. ಗಾತ್ರದಲ್ಲಿ ಇಷ್ಟು ದೊಡ್ಡದರ ಕಾಯಿ ಆಲಿವ್ ಹಣ್ಣಿನಷ್ಟು, ಬೀಜ ಟೊಮೆಟೊ ಬೀಜದಷ್ಟು.

ಬೇಸಿಗೆಯಲ್ಲಿ ಇಲ್ಲಿ ಮಳೆಯೆಂಬುದೇ ಇಲ್ಲ. ಪೆಸಿಫಿಕ್ ಕಡಲಿನಿಂದ ಬೆಟ್ಟ ಹತ್ತಿ ಬರುವ ಮಂಜೇ ಈ ಮರಗಳ ಆಧಾರ. ಮೇಲಿನ ಎಲೆಗಳು ಮಂಜನ್ನು ಬಾಚಿ ಹನಿಯಾಗಿಸಿ ತಮ್ಮ ಬುಡಕ್ಕೇ ಇಳಿಸುತ್ತವೆ. ರೆಡ್‌ವುಡ್ ಕಾಡೊಂದಕ್ಕೆ ವರ್ಷವಿಡೀ ದಕ್ಕುವ ನೀರಿನಲ್ಲಿ ಮೂರನೇ ಒಂದು ಭಾಗದಷ್ಟು ಹೀಗೆ ತೊಟ್ಟಿಕ್ಕಿದ ಮಂಜು ಎಂದು ಅಳೆದು ನೋಡಿದವರಿದ್ದಾರೆ. ಹೊರಗೆ ಬಿಸಿಲು ಉರಿಯುತ್ತಿದ್ದರೂ ತೋಪಿನೊಳಗೆ ಹಲ್ಲು ಕಟಕಟಿಸುವುದೇಕೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲಿದೆ. ಟೋಪಿಯ ಅಪ್ಪಂದಿರನ್ನು ನೋಡಿ ನಗುವ ಮೊಮ್ಮಕ್ಕಳು ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಅಜ್ಜಿಯ ಶಾಲಿನೊಳಗೆ.

ಈಗ ಚರಿತ್ರೆ. ಸಾಯಾಂಟೆ ಎಂಬ ಮೂಲನಿವಾಸಿಗಳು ಬಾಳಿದ ನೆಲ ಇದು. ಚಿನ್ನದ ಹುಚ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೆಳೆಯತೊಡಗಿದ ಮೇಲೆ ಮನೆಗೆ ಮರ ಬೇಕಾಯಿತು, ಇಟ್ಟಿಗೆಗೆ ಗಾರೆ ಬೇಕಾಯಿತು. ಸುತ್ತಲಿನ ಬೆಟ್ಟಗಳು ಬೋಳಾದವು. 1867ರಲ್ಲಿ ಜೋಸೆಫ್ ವೆಲ್ಚ್ ಎಂಬ ವ್ಯಾಪಾರಿ ಈ ತೋಪನ್ನು ಕೊಡಲಿಗೆ ಸಿಗದಂತೆ ಕೊಂಡುಕೊಂಡ. ಅಲ್ಲೊಂದು ವಿಹಾರಧಾಮವೂ ಎದ್ದಿತು: ಹೋಟೆಲು, ಕುಣಿಯಲು ಮರದ ಕಟ್ಟೆ. 1875ರಲ್ಲಿ ಸಾಂತಾ ಕ್ರೂಜಿನಿಂದ ಫೆಲ್ಟನ್ನಿಗೆ ನ್ಯಾರೋಗೇಜ್ ರೈಲೂ ಬಂತು. ಹೊಳೆಯ ಪಕ್ಕದ ಮಟ್ಟಸ ನೆಲ, ಬಾಗಿಲಿಗೇ ಬರುವ ರೈಲು, ನೆರಳು, ಊಟ. ಜನ ತಂಡೋಪತಂಡವಾಗಿ ಬಂದರು. ಮರ ಕಡಿದು ಮಾರಿದರೆ ಒಂದೇ ಸಲ ಕಾಸು, ನಿಲ್ಲಿಸಿ ತೋರಿಸಿದರೆ ವರ್ಷವರ್ಷವೂ ಕಾಸು. ಕಡಿದಾದ ಕಣಿವೆಗಳ ಮರಗಳಿಗೆ ಈ ಭಾಗ್ಯವಿರಲಿಲ್ಲ. ನೋಡಲು ಬರುವವರಿಲ್ಲದ ಕಾಡಿಗೆ ಗರಗಸವೇ ಅತಿಥಿ.

ಪ್ರವಾಸಿಗಳು ಬಂದರೆಂದ ಮೇಲೆ ಪ್ರವಾಸಿಗಳ ಬುದ್ಧಿಯೂ ಬಂತು. ತಾವು ಬಂದದ್ದಕ್ಕೆ ಗುರುತಾಗಿ ಮರದ ತೊಗಟೆಗೆ ಕಾರ್ಡು ಚುಚ್ಚಿ ಹೋಗುವ ಪದ್ಧತಿ ಶುರುವಾಯಿತು. 1903ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಸ್ವಾಗತ ಭಾಷಣಕ್ಕೆ ಉತ್ತರ ಕೊಡುತ್ತ, ಈ ಕಾರ್ಡುಗಳಿಂದ ಮರದ ಘನತೆ ಹಾಳಾಗಿದೆ, ಕಿತ್ತು ಹಾಕಿ ಎಂದು ಎದುರಿಗೇ ಹೇಳಿಬಿಟ್ಟರು. ಸನ್ಮಾನ ಮಾಡಿದವರ ಮುಖ ಹೇಗಾಗಿತ್ತೋ.

ಅದಕ್ಕೂ ಮೊದಲಿನ ಇನ್ನೊಂದು ಜಗಳದಿಂದ ಇಡೀ ರಾಜ್ಯಕ್ಕೇ ಲಾಭವಾಯಿತು. 1899ರಲ್ಲಿ ಇದೇ ಬೆಟ್ಟಸಾಲಿನಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ನೀರು ಸಾಲದೆ ವೈನ್ ಸುರಿದು ನಂದಿಸಿದ್ದರು. ಈ ಸ್ವಾರಸ್ಯ ಇಂಗ್ಲೆಂಡಿನ ಪತ್ರಿಕೆಯೊಂದರ ಕಿವಿಗೆ ಬಿತ್ತು. ಅದಕ್ಕೆ ಚಿತ್ರ ಒದಗಿಸಲು ಸ್ಯಾನ್ ಹೋಸೆಯ ಕಲಾವಿದ ಆಂಡ್ರ್ಯೂ ಪಿ. ಹಿಲ್ 1900ರಲ್ಲಿ ಫೆಲ್ಟನ್ನಿನ ತೋಪಿಗೂ ಬಂದು ಕ್ಯಾಮೆರಾ ಹೂಡಿದ. ಇದು ಖಾಸಗಿ ಜಾಗ, ತೆಗೆದ ನೆಗೆಟಿವ್ ಕೊಟ್ಟು ಹೋಗು ಎಂದು ಮಾಲೀಕ ಪಟ್ಟುಹಿಡಿದ. ಹಿಲ್ ಕೊಡಲಿಲ್ಲ. ಇಂಥ ಮರಗಳು ಒಬ್ಬನ ಸೊತ್ತಾಗಿರಕೂಡದು, ಎಲ್ಲರದೂ ಆಗಬೇಕು ಎಂಬ ಹಟ ಹೊತ್ತು ಹೋದ. ಅದೇ ವರ್ಷ ಅವನೂ ಗೆಳೆಯರೂ ಸೇರಿ ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿದರು. 1902ರಲ್ಲಿ ಬಿಗ್ ಬೇಸಿನ್ ಕಾಡು ಸರ್ಕಾರದ ವಶಕ್ಕೆ ಬಂದು ಕ್ಯಾಲಿಫೋರ್ನಿಯಾದ ಇಂದಿನ ಸ್ಟೇಟ್ ಪಾರ್ಕುಗಳ ಪರಂಪರೆಗೆ ನಾಂದಿಯಾಯಿತು. ಸ್ಯಾನ್ ಹೋಸೆಯ ಆಂಡ್ರ್ಯೂ ಹಿಲ್ ಹೈಸ್ಕೂಲಿನ ಮುಂದೆ ಓಡಾಡುವವರಿಗೆ ಆ ಹೆಸರಿನ ಹಿಂದಿನ ಸಿಟ್ಟೂ ಗೊತ್ತಿರಲಿ.

ಇನ್ನು ಪಾರ್ಕಿಗೆ ಹೆಸರಾದ ಹೆನ್ರಿ ಕೊವೆಲ್ ಯಾರು? ಮರ ಕಾಯ್ದವನಲ್ಲ, ಸುಣ್ಣದ ವ್ಯಾಪಾರಿ. 1865ರಲ್ಲಿ ಸಾಂತಾ ಕ್ರೂಜಿನ ಸುಣ್ಣದ ಕಂಪನಿಯೊಂದರಲ್ಲಿ ಪಾಲು ಕೊಂಡು, ಮುಂದೆ ಅದರ ಪೂರ್ಣ ಒಡೆಯನಾದ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಹಗಲೂ ರಾತ್ರಿ ದಿನಗಟ್ಟಲೆ ಸುಡಬೇಕು; ಉರಿಗೆ ಬೇಕಾದದ್ದು ರೆಡ್‌ವುಡ್ ಸೌದೆ. ಬೆಂದ ಸುಣ್ಣ ತುಂಬುವ ಪೀಪಾಯಿಗೂ ಮರವೇ ಆಗಬೇಕು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಅಕ್ಷರಶಃ ನಡೆದ ಜಾಗವೊಂದಿದ್ದರೆ ಅದು ಫೆಲ್ಟನ್. ಹೊಳೆಯ ಈಚೆಗಿನ ನಲವತ್ತು ಎಕರೆ ಹಳೆ ತೋಪಿಗೆ ಬೆಣ್ಣೆ. ಅಲ್ಲಿಂದ ಒಂದೆರಡು ಮೈಲಿ ಆಚೆ ಫಾಲ್ ಕ್ರೀಕಿನ ಗುಡ್ಡಕ್ಕೆ ಸುಣ್ಣ. ಸಿಮೆಂಟು ಬಂದು ಸುಣ್ಣದ ಬೆಲೆ ಬಿದ್ದ ಮೇಲೆ, 1919ರಲ್ಲಿ, ಅಲ್ಲಿನ ಭಟ್ಟಿಗಳು ತಣ್ಣಗಾದವು.

ತೋಪು 1930ರಲ್ಲಿ ಕೌಂಟಿಯ ಕೈಗೆ ಬಂದಿತ್ತು. ಹೆನ್ರಿಯ ಮಗ ಸ್ಯಾಮ್ಯುಯೆಲ್ ಕೊವೆಲ್ ಅದರ ಸುತ್ತಲಿನ ಸುಮಾರು 1,600 ಎಕರೆಯನ್ನು ತಂದೆಯ ಹೆಸರಿಡಬೇಕೆಂಬ ಷರತ್ತಿನ ಮೇಲೆ ಕೊಟ್ಟ. ಎರಡೂ ಸೇರಿ 1954ರಲ್ಲಿ ಸ್ಟೇಟ್ ಪಾರ್ಕ್ ಆಯಿತು. ಬೋರ್ಡಿನ ಮೇಲೆ ಸುಣ್ಣ ಸುಟ್ಟವನ ಹೆಸರು, ಮರ ಉಳಿಸಿದ ವೆಲ್ಚ್‌ನದು ಮಾಹಿತಿ ಫಲಕದ ಒಂದು ಸಾಲಿನಲ್ಲಿ. ದಾನಶಾಸನ ಬರೆಸಿದವರ ಹೆಸರೇ ಉಳಿಯುವುದು ಎಲ್ಲ ದೇಶದ ವಾಡಿಕೆ.

ಫಾಲ್ ಕ್ರೀಕಿನ ಕಾಲುದಾರಿಯನ್ನೂ ಬಿಡಬಾರದು. ತೊರೆಯ ಪಕ್ಕಕ್ಕೇ ಮೈಲಿಯಷ್ಟು ಸಾಗಿದರೆ ಆ ಭಟ್ಟಿಗಳ ಕಲ್ಲುಗೋಡೆಗಳು ಜರಿಗಿಡಗಳ ನಡುವೆ ಎದ್ದು ನಿಂತಿರುತ್ತವೆ. ಹಾಳು ದೇಗುಲವೇ ಎನಿಸುವ ಕಮಾನು ಬಾಯಿಗಳು, ಮೈತುಂಬ ಪಾಚಿ. ಸುತ್ತ ಬೆಳೆದಿರುವುದು ಕೊಡಲಿ ಏಟಿನ ನಂತರದ ಪೀಳಿಗೆ. ಕಡಿದ ರೆಡ್‌ವುಡ್ ಸಾಯುವುದಿಲ್ಲ. ಬುಡದ ಸುತ್ತ ಚಿಗುರೊಡೆದು ಉಂಗುರದಂತೆ ಮರಗಳೇಳುತ್ತವೆ. ನಡುವಿನ ಖಾಲಿ ಜಾಗ ನೋಡಿ ತಾಯಿಮರ ಎಷ್ಟು ದಪ್ಪವಿತ್ತೆಂದು ಲೆಕ್ಕ ಹಾಕಬಹುದು. 2020ರ ಆಗಸ್ಟಿನಲ್ಲಿ ಸಿಡಿಲಿಗೆ ಹೊತ್ತಿದ ಕಾಳ್ಗಿಚ್ಚು 86,000 ಎಕರೆ ನುಂಗಿದಾಗ ಫಾಲ್ ಕ್ರೀಕಿನ ಒಂದಿಷ್ಟು ಭಾಗಕ್ಕೂ ಬೆಂಕಿ ಹೊಕ್ಕಿತ್ತು. ಹಳೆ ತೋಪಿಗೆ ತಾಗಲಿಲ್ಲ. ಬಿಗ್ ಬೇಸಿನ್ನಿನಲ್ಲಿ ಕಚೇರಿ ಕಟ್ಟಡಗಳೆಲ್ಲ ಬೂದಿಯಾದರೂ, ಅಡಿ ದಪ್ಪದವರೆಗೂ ಬೆಳೆಯುವ ತೊಗಟೆಯಿಂದಾಗಿ ಹಿರಿಯ ಮರಗಳಲ್ಲಿ ಬಹುಪಾಲು ಬದುಕಿದವು. ಕಪ್ಪು ಕಾಂಡದ ಮೈಯೆಲ್ಲ ಹಸುರು ಚಿಗುರು ಮೂಡಿತು.

ಹಳೆ ತೋಪಿನಿಂದಲೇ ನದಿಯ ಕಡೆಗೆ ರಿವರ್ ಟ್ರೇಲ್ ಕವಲೊಡೆಯುತ್ತದೆ. ಕತ್ತಲ ಕಾಡು ಸರಿದು ಸಿಕಮೋರ್, ವಿಲೋಗಳ ತೆಳು ನೆರಳು, ನುಣ್ಣನೆ ಕಲ್ಲು, ತಲೆಯ ಮೇಲೆ ರೈಲಿನ ಹಳೆ ಸೇತುವೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟೇ ನೀರು. ಅದನ್ನು ನೋಡಿ ಮೋಸಹೋಗಬಾರದು. 2023ರ ಜನವರಿಯ ಮಳೆಗೆ ಇದೇ ಹೊಳೆ ಫೆಲ್ಟನ್ನಿನ ಮನೆಗಳಿಗೆ ನುಗ್ಗಿತ್ತು. ಚಳಿಗಾಲದಲ್ಲಿ ಸ್ಟೀಲ್‌ಹೆಡ್ ಮೀನುಗಳು ಕಡಲಿನಿಂದ ಪ್ರವಾಹದ ಎದುರು ಈಜಿ ಮೊಟ್ಟೆಯಿಡಲು ಬರುವುದೂ ಇದರಲ್ಲೇ. ಮಳೆ ಬಿದ್ದ ಮರುದಿನವಾದರೆ ದಾರಿಯ ಮೇಲೆ ಬಾಳೆಹಣ್ಣಿನ ಬಣ್ಣದ, ಚಿಪ್ಪಿಲ್ಲದ ಬಸವನಹುಳು ಕಾಣಸಿಗುತ್ತದೆ. ಪಕ್ಕದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯ 1986ರಲ್ಲಿ ತನ್ನ ಲಾಂಛನವಾಗಿ ಆರಿಸಿಕೊಂಡದ್ದು ಇದನ್ನೇ. ಸಿಂಹ, ಹದ್ದುಗಳ ಸಾಲಿನಲ್ಲಿ ಈ ಜಾರು ಮೈಯ ಬಸವಣ್ಣನನ್ನು ಕೂರಿಸಿದ ವಿದ್ಯಾರ್ಥಿಗಳಿಗೆ ಶರಣು.

ಹೆದರಬೇಕಾದದ್ದು ಒಂದೇ: ಮೂರು ಮೂರು ಎಲೆಯ ಪಾಯ್ಸನ್ ಓಕ್. ಹೆಸರಿಗೆ ಓಕ್, ಕುಲ ಮಾತ್ರ ಮಾವು, ಗೇರಿನದು. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ, ಹೊಳೆಗೇರು ಮುಟ್ಟಿ ಮೈ ಊದಿಸಿಕೊಂಡ ಮಲೆನಾಡಿಗರಿಗೆ ಇದರ ಗುಣ ಬಿಡಿಸಿ ಹೇಳಬೇಕಾಗಿಲ್ಲ. ದಾರಿ ಬಿಟ್ಟು ಪೊದೆಗೆ ಕೈಹಾಕದಿದ್ದರೆ ಸಾಕು.

ಸಾಗರದ ಅಜ್ಜಿ ಸುತ್ತು ಮುಗಿಸಿ ಕೆಳಗೆ ಬಿದ್ದಿದ್ದ ಒಂದು ಪುಟ್ಟ ಕಾಯಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು, ಊರಲ್ಲಿ ಅಂಗಳದ ಮೂಲೆಗೆ ಹಾಕಿ ನೋಡೋಣ ಎಂದು. ಪಾರ್ಕಿನಿಂದ ಏನನ್ನೂ ಒಯ್ಯುವಂತಿಲ್ಲ ಎಂದು ಏಳು ವರ್ಷದ ಮೊಮ್ಮಗಳು ನಿಯಮ ಒಪ್ಪಿಸಿದಳು. ಅಜ್ಜಿ ಗಂಟು ಬಿಚ್ಚಿ ಕಾಯಿಯನ್ನು ಎತ್ತಿಕೊಂಡ ಮರದ ಬುಡಕ್ಕೇ ಇಟ್ಟು ಬಂದರು.

ಈ ಬೇಸಿಗೆಗೆ ಊರಿನಿಂದ ಹಿರಿಯರು ಬಂದಿದ್ದರೆ ಒಂದು ಶನಿವಾರ ಅವರಿಗೆಂದೇ ಎತ್ತಿಡಿ. ಬೆಳಗ್ಗೆ ಹತ್ತರೊಳಗೆ ತಲುಪಿದರೆ ಕಾರು ನಿಲ್ಲಿಸುವ ಪರದಾಟವಿಲ್ಲ, ತೋಪೂ ಸದ್ದಿಲ್ಲದೆ ಸಿಗುತ್ತದೆ. ಬುತ್ತಿಯ ಜೊತೆ ಒಂದು ಸ್ವೆಟರ್ ಇರಲಿ. ನಡಿಗೆಯ ವೇಗ ಮಾತ್ರ ಅವರೇ ನಿರ್ಧರಿಸಲಿ.