ಮರೆವಿನ ಮುಂದೆ ಸತ್ಯ

ಹಳ್ಳಿಮೈಸೂರು ಹೋಬಳಿಯ ಒಂದು ಮನೆಯಲ್ಲಿ, ದನಗಳು ಕೊಟ್ಟಿಗೆಗೆ ಬಂದು ದೀಪ ಹಚ್ಚುವ ಹೊತ್ತಾಯಿತೆಂದರೆ, ಎಂಬತ್ತು ದಾಟಿದ ವೃದ್ಧೆಯೊಬ್ಬರು ಜಗಲಿಯ ಕಂಬವನ್ನು ಹಿಡಿದು ಎದ್ದು ನಿಂತು, "ಅವ್ರು ಇನ್ನೂ ಬರ್ಲಿಲ್ವಲ್ಲ, ಹೊಲದ ತಾವ ಯಾರಾದ್ರೂ ಹೋಗಿ ನೋಡ್ರಪ್ಪ" ಎನ್ನತೊಡಗುತ್ತಾರೆ. ಅವರೆಂದರೆ ಆಕೆಯ ಯಜಮಾನರು. ತೀರಿಕೊಂಡು ಎಷ್ಟೋ ವರ್ಷಗಳಾದುವು. ಇದ್ದುದನ್ನು ಇದ್ದಂತೆ ಹೇಳುವುದೇ ಧರ್ಮವೆಂದು ನಂಬಿದ ಮಗನು, "ಅಪ್ಪ ಸತ್ತು ಯಾವ ಕಾಲ ಆಯ್ತು, ನೀನೇ ಮುಂದೆ ನಿಂತು ತಿಥಿ ಮಾಡಿಸ್ಲಿಲ್ವೇನವ್ವ" ಎಂದು ನೆನಪು ಮಾಡಿಕೊಡುತ್ತಿದ್ದನು. ಹೇಳಿದ ಪ್ರತಿ ಸಲವೂ ಆ ತಾಯಿ, ಸುದ್ದಿಯನ್ನು ಅದೇ ಮೊದಲು ಕೇಳಿದವರಂತೆ, ಎದೆ ಬಡಿದುಕೊಂಡು ಅಳುತ್ತಿದ್ದರು. ಅತ್ತು ಅತ್ತು ಅತ್ತುದನ್ನೂ ಮರೆತು, ಮತ್ತೆ ಕಂಬ ಹಿಡಿದು ಏಳುತ್ತಿದ್ದರು. ಒಬ್ಬ ಹೆಂಗಸು ಒಂದೇ ಸಂಜೆಯಲ್ಲಿ ಮೂರು ಬಾರಿ ವಿಧವೆಯಾದುದನ್ನು ನಾನು ಕಣ್ಣಾರೆ ಕಂಡೆನು.

ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಾಡಿನವರಾದ ನಮಗೆ, ಸ್ಮೃತಿ ಅಳಿದವರ ಮುಂದೆ ಸತ್ಯವೆಂದರೆ ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅರವತ್ತಕ್ಕೆ ಅರಳು ಮರಳು ಎಂದು ನಮ್ಮವರು ಈ ಸ್ಥಿತಿಯನ್ನು ವಯೋಧರ್ಮದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಆದರೆ ವೈದ್ಯರು ಡಿಮೆನ್ಷಿಯಾ ಎಂದು ಕರೆಯುವುದು ಮುಪ್ಪನ್ನಲ್ಲ, ಮಿದುಳಿನ ವ್ಯಾಧಿಯಿಂದಾಗುವ ಕ್ಷಯವನ್ನು. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಮುಖ್ಯವಾದುದನ್ನು 1906ರಲ್ಲಿ ಆಲೋಯಿಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯನು ಮೊದಲು ವಿವರಿಸಿದನು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವ್ಯಾಧಿಯೆಂದು ತಿಳಿಯದ ಕಡೆ ದೋಷವು ಯಾರ ಮೇಲಾದರೂ ಬೀಳಲೇಬೇಕಷ್ಟೆ. ಅದು ಬೀಳುವುದು ಸೊಸೆಯ ಮೇಲೆ. ಉಂಡ ತಟ್ಟೆ ಇನ್ನೂ ಒಣಗದಿರುವಾಗಲೇ ಅತ್ತೆ ಬೀದಿಗೆ ಬಂದು "ಬೆಳಿಗ್ಗಿಂದ ತುತ್ತು ಹಾಕಿಲ್ಲ ಕಣವ್ವ" ಎಂದರೆ, ಅದು ರೋಗದ ಮಾತೆಂದು ತಿಳಿಯದ ಊರು ಆ ಸೊಸೆಯನ್ನು ಎಷ್ಟು ವರ್ಷ ಕ್ಷಮಿಸುವುದಿಲ್ಲವೋ! ತಾಯಿಯ ಸೇವೆ ಮಾಡಿದನೆಂಬ ಕೀರ್ತಿ ಮಗನಿಗೆ. ರಾತ್ರಿ ನಾಲ್ಕು ಬಾರಿ ಎದ್ದು ಸೀರೆ ಬದಲಿಸುವುದು ಮಾತ್ರ ಆಕೆಗೆ.

ನೆನಪೇ ಹೋದ ಮೇಲೆ ಇನ್ನೇನು ಉಳಿಯಿತು ಎಂದು ಕೇಳುವವರುಂಟು. ನಿನ್ನೆ ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆದುದರಿಂದ ಆತ್ಮನು ಕ್ಷಣಿಕನಲ್ಲವೆಂದು, ಸ್ಮೃತಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿ, ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಕ್ಷಣಿಕವಾದವನ್ನು ಖಂಡಿಸಿದರು. ಹಾಗಾದರೆ ಆ ಸಾಕ್ಷಿಯೇ ಇಲ್ಲವಾದಾಗ? ಸಾಕ್ಷಿ ಸತ್ತರೆ ಮೊಕದ್ದಮೆ ಬಿದ್ದುಹೋಗಬಹುದೇ ಹೊರತು ನಡೆದ ಸಂಗತಿ ನಡೆಯಲಿಲ್ಲವೆಂದಾಗದು. ಗಾಢನಿದ್ರೆಯಲ್ಲಿ ನಮಗೆ ನಮ್ಮ ಹೆಸರಿನ ನೆನಪೂ ಇರುವುದಿಲ್ಲ. ಆಗಲೂ ಆತ್ಮನಿಗೆ ಲೋಪವಿಲ್ಲವೆಂಬುದು ಅದೇ ಆಚಾರ್ಯರ ಸಿದ್ಧಾಂತ. ನನಗಾದರೋ ಈ ತರ್ಕಕ್ಕಿಂತ ಹೆಚ್ಚಿನ ನಂಬಿಕೆ ಬಂದುದು ಒಂದು ಮೊರದಿಂದ. ಮಗನ ಹೆಸರನ್ನು ಮರೆತ ಆ ವೃದ್ಧೆಯ ಕೈಗೆ ಮೊರವನ್ನಿತ್ತು ಎರಡು ಪಾವು ಅಕ್ಕಿ ಸುರಿದಾಗ, ಆ ಬೆರಳುಗಳು ಎಲ್ಲಿಯೂ ತಡೆಯದೆ ಕೇರಿ ಕೊಡವಿ, ಕಲ್ಲನ್ನೂ ನುಚ್ಚನ್ನೂ ಬೇರೆ ಬೇರೆ ಸರಿಸಿದುವು.

ವ್ಯಕ್ತಿ ಅಲ್ಲಿಯೇ ಇರುವರೆಂದಾದರೆ ಅವರಿಗೆ ಸಲ್ಲಬೇಕಾದ ಸತ್ಯವೂ ಉಂಟು. ಸುಳ್ಳಿನ ಲಕ್ಷಣವನ್ನು ಹೇಳುವ ಜೈನರ ತತ್ತ್ವಾರ್ಥಸೂತ್ರದಲ್ಲಿ 'ಅಸತ್' ಎಂಬ ಶಬ್ದಕ್ಕೆ ಇಲ್ಲದ್ದು ಎಂದಷ್ಟೇ ಅರ್ಥ ಮಾಡದೆ, ಆಚಾರ್ಯ ಪೂಜ್ಯಪಾದರು ಅದರ ವ್ಯಾಖ್ಯಾನವಾದ ತಮ್ಮ ಸರ್ವಾರ್ಥಸಿದ್ಧಿಯಲ್ಲಿ, ಅಪ್ರಶಸ್ತವಾದುದು, ಎಂದರೆ ಪ್ರಾಣಿಗೆ ಪೀಡೆಯನ್ನುಂಟುಮಾಡುವುದು ಎಂದು ಅರ್ಥ ಮಾಡಿದರು; ವಸ್ತುವು ಇದ್ದರೂ ಇಲ್ಲದಿದ್ದರೂ ನೋಯಿಸುವ ನುಡಿ ಅನೃತದ ಕಡೆಗೇ ಸೇರುತ್ತದೆ. ಹೀಗೆಂದ ಮಾತ್ರಕ್ಕೆ, "ಬತ್ತಾರೆ, ಈಗ ಬತ್ತಾರೆ" ಎಂದು ಪ್ರತಿ ಸಂಜೆ ವಂಚಿಸಲು ಪರವಾನಗಿ ದೊರೆಯಿತೆಂದು ನಾನು ತಿಳಿಯಲಾರೆ. ವಂಚನೆ ರೂಢಿಯಾದ ಮನೆಯಲ್ಲಿ ರೋಗಿಯ ಗೌರವ ಬಹುಕಾಲ ಉಳಿಯದು. ಇರಿಯುವ ನಿಜಕ್ಕೂ ಸಲೀಸಾದ ಸುಳ್ಳಿಗೂ ನಡುವೆ ಮೂರನೆಯ ಮಾತೊಂದು ಇದ್ದೇ ಇರುತ್ತದೆ. ಆದರೆ ಅದು ಪ್ರೀತಿಯೊಂದರಿಂದಲೇ ಹೊಳೆಯುವಂಥದಲ್ಲ, ಕಲಿಯಬೇಕಾದುದು.

ಹೆತ್ತವರ ಸೇವೆಯನ್ನೂ ಕಲಿಸಿಕೊಡಬೇಕೇ ಎಂದು ನಮ್ಮ ಕಡೆಯ ಹಿರಿಯರು ನೊಂದುಕೊಳ್ಳುವುದುಂಟು. ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದತ್ತ ಅವರು ನೋಡಬೇಕು. ಗುರುವಾದ ಭದ್ರಬಾಹುವಿನ ಕೊನೆಗಾಲದಲ್ಲಿ ಚಂದ್ರಗುಪ್ತನು ಜೊತೆಯಲ್ಲಿದ್ದು ಉಪಚರಿಸಿದನೆಂದು ಐತಿಹ್ಯ ಹೇಳುವ ಚಿಕ್ಕಬೆಟ್ಟ ಅಲ್ಲಿದೆ. ಜೈನಧರ್ಮದಲ್ಲಿ ರೋಗಿಗಳ, ಬಳಲಿದವರ ಶುಶ್ರೂಷೆಗೆ ವೈಯಾವೃತ್ಯವೆಂದು ಹೆಸರು. ಅದನ್ನು ಧ್ಯಾನ ಸ್ವಾಧ್ಯಾಯಗಳ ಸಾಲಿನಲ್ಲಿಯೇ, ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆಹಾರವನ್ನು ತೊರೆದು ಮರಣವನ್ನು ಎದುರುಗೊಳ್ಳುವ ಸಲ್ಲೇಖನ ವ್ರತದಲ್ಲಿರುವ ಯತಿಯನ್ನು ನೋಡಿಕೊಳ್ಳಲು 48 ಮಂದಿ ನಿರ್ಯಾಪಕರಿರಬೇಕೆಂದು ವಿಧಿಸಿದ ಭಗವತೀ ಆರಾಧನೆಯೆಂಬ ಜೈನ ಗ್ರಂಥವು, ಹಿಡಿದು ಎಬ್ಬಿಸುವವರಾರು, ಧರ್ಮಕಥೆ ಹೇಳುವವರಾರು, ಮಲವನ್ನು ತೆಗೆಯುವವರಾರು, ಬಾಗಿಲು ಕಾಯುವವರಾರು ಎಂದು ಕೆಲಸವನ್ನು ಹಂಚಿತು. ಎಚ್ಚೆತ್ತ ಮನಸ್ಸಿನ ಆ ವ್ರತಕ್ಕೂ ಮನಸ್ಸೇ ಮಸುಳುವ ಈ ರೋಗಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ವಿರಕ್ತರ ಸಂಘವೇ ಒಬ್ಬನ ಭಾರವನ್ನು ಇಷ್ಟು ಮಂದಿಗೆ ಹಂಚಿ, ಅವರಿಗೆ ಯೋಗ್ಯತೆಯನ್ನೂ ವಿಧಿಸಿರುವಾಗ, ನಾವು ಒಬ್ಬಳೇ ಸೊಸೆಯ ಹೆಗಲಿಗೆ ಎಲ್ಲವನ್ನೂ ಹೇರಿ, ಏನನ್ನೂ ಕಲಿಸದೆ, ಕರ್ತವ್ಯವೆಂದು ಕೈತೊಳೆದುಕೊಳ್ಳುವುದು ಯಾವ ಧರ್ಮ?

ಕಲಿಸುವುದು ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಗೋವೆಯಲ್ಲಿ, ತಜ್ಞರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿ, 81 ಕುಟುಂಬಗಳಲ್ಲಿ ನಡೆಸಿದ ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು. ರೋಗ ಹಿಂದಕ್ಕೆ ಸರಿಯಲಿಲ್ಲ. ಆದರೆ ನೋಡಿಕೊಳ್ಳುವವರ ಮನಸ್ಸಿನ ಭಾರ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಆರೈಕೆ ಮಾಡುವವರಿಗಾಗಿಯೇ ರಚಿಸಿದ ಐಸಪೋರ್ಟ್ ಎಂಬ ಪಾಠಕ್ರಮವನ್ನು ನಮ್ಮ ನಿಮ್ಹಾನ್ಸಿನ ವಿದ್ವಾಂಸರು ಭಾರತದ ಕುಟುಂಬಗಳಿಗೆ ಒಗ್ಗಿಸಿದರು. ಬೆಂಗಳೂರಿನ ನೈಟಿಂಗೇಲ್ಸ್ ಸಂಸ್ಥೆಯೂ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. ಇವೆಲ್ಲವೂ ಹೊಳೆನರಸೀಪುರದ ಬಸ್ಸು ಹತ್ತಿ ಹಳ್ಳಿಯ ಜಗಲಿಗೆ ಬರಬೇಕಾಗಿದೆ. ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆ ಮರೆವಿನ ರೋಗಿಯ ಮನೆಗೂ ಬರುವಂತಾಗಬೇಕು.

ನಾನು ಕಂಡ ಆ ಮನೆಯ ಸೊಸೆಯಾದರೂ ಕಲಿತದ್ದು ದೈವಯೋಗದಿಂದ. ಅತ್ತೆಯನ್ನು ಬೆಂಗಳೂರಿಗೆ ಕರೆದೊಯ್ದಾಗ ದಾದಿಯೊಬ್ಬರು ಒಂದು ಮಧ್ಯಾಹ್ನ ಆಕೆಯನ್ನು ಕೂರಿಸಿಕೊಂಡು ಹೇಳಿಕೊಟ್ಟರಂತೆ. ಹಿಂದಿನಿಂದ ಬಂದು ಮುಟ್ಟಬಾರದು, ಎದುರಿಗೆ ಬಂದು ಕಣ್ಣಿಗೆ ಕಣ್ಣು ಸೇರಿಸಿ ಮಾತಾಡಬೇಕು. ಬಚ್ಚಲಲ್ಲಿ ಚೊಂಬಿನ ನೀರನ್ನು ಒಮ್ಮೆಗೇ ತಲೆಗೆ ಸುರಿದರೆ ಬೆಚ್ಚುತ್ತಾರೆ. ಪಾದದಿಂದ ಆರಂಭಿಸಿ ಮೇಲಕ್ಕೆ ಬರಬೇಕು. ನುಂಗುವುದು ಕಷ್ಟವಾಗುತ್ತ ಬಂದಾಗ ಮುದ್ದೆಯ ತುತ್ತನ್ನು ಚಿಕ್ಕದು ಮಾಡಿ, ಬೆನ್ನು ನೆಟ್ಟಗಿರಿಸಿ, ನುಂಗಿದರೆಂದು ಗೊತ್ತಾದ ಮೇಲೆಯೇ ಮುಂದಿನ ತುತ್ತು. ಬಂದ ನೆಂಟರು "ನಾನ್ಯಾರು ಹೇಳು ನೋಡಾನ" ಎಂದು ಪರೀಕ್ಷೆಗೆ ನಿಲ್ಲಿಸುವುದನ್ನು ಬಿಡಿಸಬೇಕು. "ನಾನು ನಿಮ್ಮ ತಂಗಿ ಮಗ ಕಣವ್ವ" ಎಂದು ತಾವೇ ಹೇಳಿಕೊಂಡರಾಯಿತು.

ನಾನು ಎರಡನೆಯ ಬಾರಿ ಹೋದಾಗಲೂ ಸಂಜೆಯೇ. ಕಂಬ ಹಿಡಿದು ಎದ್ದ ಆ ತಾಯಿ "ಅವ್ರು ಇನ್ನೂ ಬರ್ಲಿಲ್ವಲ್ಲ" ಎಂದರು. ಸೊಸೆ ಒಲೆಯ ಮುಂದಿನಿಂದ ಎದ್ದು ಬಂದು, ಎದುರಿಗೆ ನಿಂತು, ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, "ಅವ್ರ್ದೇ ಯೋಚ್ನೆ ಅಲ್ವಾ ಅತ್ತೆ ನಿಮ್ಗೆ? ಅವ್ರಿಗೆ ಉಪ್ಪೆಸ್ರು ಅಂದ್ರೆ ಪಂಚಪ್ರಾಣ ಅಂತಿದ್ರಲ್ಲ, ಬನ್ನಿ, ಸೊಪ್ಪು ಬಿಡ್ಸಾನ" ಎಂದಳು. ಒಂದಕ್ಷರವೂ ಸುಳ್ಳಿರಲಿಲ್ಲ. ಆ ತಾಯಿ ಕುಳಿತು ಮಡಿಲಿಗೆ ಸೊಪ್ಪನ್ನು ಎಳೆದುಕೊಂಡು, ದಂಟು ಬೇರೆ ಎಲೆ ಬೇರೆ ಮಾಡುತ್ತ, ಯಾರಿಗೂ ಅಲ್ಲವೆಂಬಂತೆ, "ಖಾರ ಕಮ್ಮಿ ಆದ್ರೆ ಸಿಡುಕೋರು" ಎಂದು ನಕ್ಕರು.