ತಗಡಿನ ದೇವದೂತ

ನಿಂಬರ್ಗಾದ ಕಡೆ ರಾಶಿ ಮಾಡುತ್ತಿದ್ದ ಹಿರಿಯರಿಗೆ ಗಾಳಿಯ ದಿಕ್ಕು ತಿಳಿಯಲು ಒಂದು ಹಿಡಿ ಹೊಟ್ಟು ಸಾಕಿತ್ತು. ಮೇಲಕ್ಕೆ ತೂರಿದ ಹೊಟ್ಟು ಎತ್ತ ಹಾರಿತೋ ನೋಡಿಕೊಂಡು, ಮೆಟ್ಟಿನ ಮೇಲೆ ನಿಂತು ಜೋಳ ಕೆಳಗೆ ಬಿಡುತ್ತಿದ್ದರು. ಕಾಳು ಕಾಲ ಬುಡಕ್ಕೆ, ಹೊಟ್ಟು ಆಚೆಗೆ. ಈಗ ಯಂತ್ರವೇ ಊದಿ ಬೇರ್ಪಡಿಸುತ್ತದೆ, ಮೂಡಗಾಳಿಗೆ ಕಾಯುವವರಿಲ್ಲ.

ಅಮೆರಿಕದ ರೈತರೂ ಮೀನುಗಾರರೂ ಗಾಳಿಯ ದಿಕ್ಕು ತಿಳಿಯಲು ಚಾವಣಿಯ ಮೇಲೊಂದು ಗಾಳಿಸೂಚಿ ನಿಲ್ಲಿಸುತ್ತಿದ್ದರು. ಬಾಲ ಅಗಲ, ಮೂತಿ ಸಣ್ಣದು; ಗಾಳಿ ಬಾಲವನ್ನು ಆಚೆ ತಳ್ಳಿದಾಗ ಮೂತಿ ಗಾಳಿ ಬಂದ ಕಡೆಗೆ ತಿರುಗುತ್ತದೆ. ಇಷ್ಟೇ ಬೇಕಿದ್ದರೆ ಒಂದು ಬಾಣ ಸಾಕಿತ್ತು. ಆದರೆ ಊರಿನ ಕುಶಲಕರ್ಮಿಗಳು ಹುಂಜ, ಕುದುರೆ, ಮೀನುಗಳನ್ನು ಮಾಡಿದರು. ನ್ಯೂಬರಿಪೋರ್ಟ್ ಎಂಬ ಊರಿನ ಚರ್ಚಿನ ಮೇಲೆ ಕಹಳೆ ಊದುವ ದೇವದೂತ ಗೇಬ್ರಿಯಲ್ ನಿಂತ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಟ್ಟು ಇಂಥ ಹಳೆಯ ವಸ್ತುಗಳ ಚಿತ್ರ ಬರೆಸಿತು. 1935ರಿಂದ 1942ರವರೆಗೆ ಸುಮಾರು 18,000 ಚಿತ್ರಗಳಾದವು, ಹೆಚ್ಚಿನವು ಜಲವರ್ಣದವು. ಇದ್ದದ್ದನ್ನು ಇದ್ದಂತೆ ಬರೆಯಬೇಕು ಎಂಬುದೇ ನಿಯಮ. ಸವೆದಿದ್ದರೆ ಸವೆತ, ಮಾಸಿದ್ದರೆ ಮಾಸಿದ ಬಣ್ಣ. ಜಲವರ್ಣದಲ್ಲಿ ಇದು ಸುಲಭವಲ್ಲ. ಲೋಹದ ಮಿಂಚು ಬೇಕೆಂದರೆ ಆ ಜಾಗದಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಡಬೇಕು, ಒಮ್ಮೆ ಬಣ್ಣ ಹರಿಯಿತೆಂದರೆ ಆ ಬಿಳುಪು ಮರಳಿ ಸಿಗುವುದು ಕಷ್ಟ. ಲೂಸಿಲ್ ಶಾಬೋ ಎಂಬಾಕೆ 1939ರಲ್ಲಿ ಬರೆದ ಗೇಬ್ರಿಯಲ್, 1965ರ ಕ್ರಿಸ್ಮಸ್ ಅಂಚೆಚೀಟಿಯ ಮೇಲೇರಿ ಮನೆಮನೆ ತಲುಪಿದ. ಗೋಪುರದ ತುದಿಯಲ್ಲಿದ್ದಾಗ ಅವನ ಮುಖವನ್ನು ಹತ್ತಿರದಿಂದ ಕಂಡವರು ಎಷ್ಟಿದ್ದಾರು! ಬಳಕೆಯ ವಸ್ತುವನ್ನು ದೇವರ ಪಟದಷ್ಟೇ ಶ್ರದ್ಧೆಯಿಂದ ಬರೆದದ್ದು ನನಗೆ ಬಹಳ ಹಿಡಿಸಿತು.

ದೇವರ ಪಟಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕ್ಯಾಲೆಂಡರಿನ ದೇವರುಗಳಿಗೆ ರೂಪ ಕೊಟ್ಟ ಎಸ್. ಎಂ. ಪಂಡಿತರೇ ಕಲಬುರಗಿಯವರು. ಆದರೆ ಅಟ್ಟದ ಮೇಲಿನ ಕೂರಿಗೆಯನ್ನು ಯಾರು ಬರೆದಾರು? ನಮ್ಮ ನಿಮ್ಮ ಮನೆಯ ಮಕ್ಕಳಿಗೆ ರಜೆಯಲ್ಲಿ ಬಣ್ಣದ ಪೆಟ್ಟಿಗೆ ಕೊಡಿಸುವುದು ಇದ್ದೇ ಇದೆ. ಈ ಸಲ ಆ ಕೂರಿಗೆಯನ್ನು ಕೆಳಗಿಳಿಸಿ, ದೂಳು ಕೊಡವದೆ ಅಂಗಳದಲ್ಲಿಡೋಣ. ಬಟ್ಟಲಿನ ತೂತುಗಳು, ಬಿದಿರಿನ ನಳಿಗೆ, ಅಜ್ಜನ ಕೈ ಹಿಡಿದು ಹಿಡಿದು ನುಣುಪಾದ ಹಿಡಿ, ಎಲ್ಲವನ್ನೂ ಮಗು ಎಣಿಸಿ ನೋಡಿ ಬರೆಯಲಿ. ಯಾವುದಕ್ಕೆ ಏನನ್ನುತ್ತಾರೆಂದು ಅಜ್ಜನನ್ನೇ ಕೇಳಲಿ. ಮಾಡಿಕೊಟ್ಟ ಬಡಿಗನ ಹೆಸರು ಅವರಿಗೆ ನೆನಪಿದ್ದರೆ ಅದನ್ನೂ ಚಿತ್ರದ ಕೆಳಗೆ ಬರೆಸಬಹುದು.